ಅವ್ವಗ ಓದಿ ಹೇಳುವಾಗ ಸುಳ್ಳು ಹೇಳಿಬಿಟ್ಟೀನಿ, ಈಗ ಕಾದಂಬರಿ ಮುಂದ ಹೋಗವಲ್ದು

ಗವಿಮಠದ ಓಣಿ, ಕೊಪ್ಪಳ
ಎಲ್ಲಾರಿಗೂ ನಮಸ್ಕಾರ. ಒಂದು ಫಜೀತಿ ಆಗೇತಿ, ನಗಬ್ಯಾಡ್ರಿ.

ನಮ್ಮವ್ವಗ ಎಪ್ಪತ್ತೊಂದು ವರ್ಷ. ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಹೋದ ಬ್ಯಾಸಿಗ್ಯಾಗ ಕಣ್ಣಿನ ಆಪರೇಷನ್ ಆತು, ಡಾಕ್ಟ್ರು ಟಿವಿ ಕಡಿಮಿ ಮಾಡ್ರಿ ಅಂದ್ರು. ಹೊತ್ತು ಹೋಗ್ಲಿ ಅಂತ ರಾತ್ರಿ ಊಟ ಆದಮ್ಯಾಲ ದಿನಾ ಒಂದೀಟು ಓದಿ ಹೇಳಾಕ ಶುರು ಮಾಡಿದೆ. ಸಣ್ಣ ಸಣ್ಣ ಕಥಿ ಮುಗದ್ವು, ಈಗ ಭೈರಪ್ಪನವರ 'ಗೃಹಭಂಗ' ನಡದೈತಿ. ನಾನೂ ಮೊದಲ ಸಲಾನ ಓದಾಕತ್ತಿದ್ದು. ನಂಜಮ್ಮ ಮುತ್ತಗದ ಎಲಿ ತಂದು, ಪತ್ರೋಳಿ ಹಚ್ಚಿ, ಮಾರಿ ಮನಿ ನಡಸ್ತಾಳಲ್ಲ, ಅಲ್ಲಿಂದ ನಮ್ಮವ್ವ ಆ ಮನಿಯಾಕೀನ ಆಗಿಬಿಟ್ಟಾಳ. ಹಗಲೆಲ್ಲಾ ಅಕ್ಕಿ ಹಸನ ಮಾಡ್ಕೋಂತ "ನೂರು ಎಲಿಗೆ ಎಷ್ಟು ಕೊಡ್ತಿದ್ರಂತ? ಹಂಗಾರ ಆಕೀಗೆ ಏನ್ ಉಳೀತು?" ಅಂತ ನನ್ನ ಕೇಳ್ತಾಳ.

ಹೋದ ಗುರುವಾರ ಪ್ಲೇಗಿನ ಭಾಗ ಬಂತು. ನಂಜಮ್ಮನ ಮಗಳು ಪಾರ್ವತಿಗೆ ಜ್ವರ, ಮಗ ರಾಮಣ್ಣಗೂ ಜ್ವರ. ನನ್ನ ಬಾಯಿ ಇನ್ನೂ ಮ್ಯಾಲಿನ ಸಾಲಿನ್ಯಾಗ ಇತ್ತು, ಕಣ್ಣು ಕೆಳಗ ಓಡಿತ್ತು. ಎರಡೂ ಮಕ್ಕಳು ಹೋಗ್ತಾವ. ನಾ ಪುಸ್ತಕ ನೋಡ್ಕೋಂತನ "ಜ್ವರ ಇಳೀತು, ಹುಡುಗರು ಎದ್ದು ಕುಂತು ಗಂಜಿ ಕುಡದ್ರು" ಅಂತ ಇಲ್ಲದ ಸಾಲು ಓದಿಬಿಟ್ಟೆ. ಅವ್ವ "ಉಳಕೊಂಡ್ವಲ್ಲೋ ಗವಿಸಿದ್ದಪ್ಪಾ" ಅಂತ ಕೈ ಮುಗದು ಮಲಗಿದ್ಲು.

ಈಗ ಮುಂದಿನ ಪುಟದಾಗೆಲ್ಲಾ ಆ ಮಕ್ಕಳಿಲ್ಲ. ನಾಕು ದಿನದಿಂದ ಕನ್ನಡಕ ಸಿಗವಲ್ದು, ತಲಿ ನೋಸಾಕತ್ತೈತಿ ಅಂತ ನೆವ ಹೇಳಾಕತ್ತೀನಿ. ಏನ್ ಮಾಡ್ಲಿ? ನಿಮಗೂ ಹಿಂಗ ಯಾವುದರ ಪುಸ್ತಕ, ಸಿನಿಮಾ ಬೆನ್ನಿಗೆ ಬಿದ್ದು ಬಿಡದಂಗ ಆಗೇತೇನು?

ಮಿರ್ಚಿ ಮಂಡಕ್ಕಿ, ಬಳ್ಳಾರಿ
ಅಕ್ಕಾ, ಮೊದಲು ನಕ್ಕೆ. "ಗಂಜಿ ಕುಡದ್ರು" ಅಂತ ಓದಿದ ಮೇಲೆ ನಗೋಕಾಗಲಿಲ್ಲ.

ಕರಿಮಣ್ಣು, ಸಿಂಧನೂರು
ಹೇಳಿಬಿಡ್ರಿ ಅಕ್ಕಾರ. ಎಪ್ಪತ್ತು ದಾಟಿದವ್ರು ನಮಗಿಂತ ಗಟ್ಟಿ ಇರ್ತಾರ. ನಾವಾ ಅಂಜುಬುರುಕರು.

ಹಳೇ ಮೇಷ್ಟ್ರು, ಬಳ್ಳಾರಿ
ಕ್ಷಮಿಸಿ, ಸ್ವಲ್ಪ ಖಾರವಾಗಿ ಬರೆಯುತ್ತೇನೆ. 1970ರಲ್ಲಿ ಬಂದ ಕಾದಂಬರಿ ಅದು. ಆ ಸಾವುಗಳು ಓದುಗರನ್ನು ಅಳಿಸಲೆಂದು ತಂದವಲ್ಲ. ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಗೊತ್ತು: ಹುಡುಗನಾಗಿದ್ದಾಗಲೇ ಅವರ ತಾಯಿ ಮತ್ತು ಒಡಹುಟ್ಟಿದವರು ಪ್ಲೇಗಿಗೆ ಬಲಿಯಾದರು. ಸ್ವಂತ ಮನೆಯಲ್ಲಿ ಕಂಡ ಸಾವನ್ನು ಅವರು ಒಂದು ಹನಿ ಹೆಚ್ಚು ಹಾಕದೆ ಬರೆದಿದ್ದಾರೆ. ನೀವು ಅದನ್ನು ಅಳಿಸಿ ಗಂಜಿ ಕುಡಿಸಿದ್ದೀರಿ. ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಗವಿಮಠದ ಓಣಿ, ಕೊಪ್ಪಳ
ಮೇಷ್ಟ್ರ, ಬೈಸಿಕೊಳ್ಳೂದ ಐತಿ ಅಂದ್ರ ಪೂರಾ ಬೈಸಿಕೊಂಡಬಿಡ್ತೀನಿ. ಸುಳ್ಳು ಇದೊಂದ ಅಲ್ಲ. ಅವ್ವಗ ಆ ಹಳೇ ಮೈಸೂರ ಕಡೀ ಭಾಷಾ ತಿಳಿಯಂಗಿಲ್ಲ ಅಂತ ಮೊದಲಿಂದನೂ ಮುದ್ದಿಗೆ ರೊಟ್ಟಿ ಅಂತ, ಕಡ್ಲೇಕಾಯಿಗೆ ಶೇಂಗಾ ಅಂತ ಓದೀನಿ. ನಂಜಮ್ಮನ ಅತ್ತಿ ಗಂಗಮ್ಮನ ಬೈಗುಳ ಮಾತ್ರ ಇದ್ದದ್ದು ಇದ್ದಂಗ ಓದೀನಿ, ಅವು ಅವ್ವಗ ಭಾಳ ಸೇರ್ಯಾವ.

ಹಂಪಿ ಪ್ಯಾಸೆಂಜರ್
😂😂 ಮೊದಲು ಮುದ್ದೀನ ರೊಟ್ಟಿ ಮಾಡಿದ್ರಿ, ಈಗ ಸತ್ತವರ್ನ ಬದುಕಿಸಾಕ ಹತ್ತೀರಿ.

ಹಳೇ ಮೇಷ್ಟ್ರು, ಬಳ್ಳಾರಿ
ಮುದ್ದೆಗೆ ರೊಟ್ಟಿ ನಡೆಯುತ್ತದೆ. ಅದು ಅನುವಾದ.

ಒನ್ ಸೈಡ್ ಇಯರ್‌ಫೋನ್, ಬಳ್ಳಾರಿ
ನಾನು ಜೀನ್ಸ್ ಹೊಲಿಗೆ ಘಟಕದಲ್ಲಿ ಕೆಲಸ ಮಾಡೋನು. ಒಂದು ಕಿವೀಲಿ ಮಷಿನ್, ಇನ್ನೊಂದು ಕಿವೀಲಿ ಸಿನಿಮಾ. ನೋಡಲ್ಲ, ಬರೀ ಕೇಳ್ತೀನಿ. ಎಂತೆಂಥಾ ಸಿನಿಮಾ ಕೇಳಿದೀನಿ, ಒಂದೂ ಸೂಜಿ ಮುರಿದಿಲ್ಲ. 'ಜೋಗಿ' ಮಾತ್ರ ಹಾಕ್ಕೊಳಲ್ಲ.

2005ರಲ್ಲಿ ಬಂದಾಗ ನಾನು ಒಂಬತ್ತು ವರ್ಷದೋನು. ಅವ್ವನ ಜೊತೆ ಮುಂದಿನ ಬೆಂಚಲ್ಲಿ ಕೂತಿದ್ದೆ. ಕೊನೇಲಿ ಶಿವಣ್ಣ ಯಾರದೋ ಹೆಣ ಅಂದ್ಕೊಂಡು ಅವ್ವನ ಶವದ ಮುಂದೇನೇ ಕುಣೀತಾನಲ್ಲ, ಆಗ ಟಾಕೀಸಲ್ಲಿ ಜನ ಎದ್ದು ನಿಂತು ಪರದೆಗೆ ಕೂಗ್ತಿದ್ರು. "ಲೇ, ನಿಮ್ಮವ್ವ ಕಣಲೇ ಅದು! ತಿರುಗಿ ನೋಡಲೇ!" ನಮ್ಮವ್ವನೂ ಕೂಗಿದ್ಲು. ಸೆರಗಲ್ಲಿ ಮಂಡಕ್ಕಿ ಇತ್ತು, ಎಲ್ಲಾ ಚೆಲ್ಲಿಹೋಯ್ತು. ಈಗಲೂ ರೋಡಲ್ಲಿ ತಮಟೆ ಬಾರಿಸ್ಕೊಂಡು ಹೆಣ ಹೋದ್ರೆ ನಾನು ಒಂದ್ಸಲ ಮುಖ ನೋಡ್ತೀನಿ. ಗೊತ್ತಿಲ್ಲದೋರದ್ದಾದ್ರೂ ಸರಿ.

ಮಿರ್ಚಿ ಮಂಡಕ್ಕಿ, ಬಳ್ಳಾರಿ
ಅಣ್ಣಾ ಬೆಳಿಗ್ಗೆ ಬೆಳಿಗ್ಗೆ ಇದೆಲ್ಲ ಬೇಕಿತ್ತಾ

ಬರಿ ಮಾತು, ರಾಯಚೂರು
ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಳು ಬಂತು ಅಂದ್ರ ಅದು ದೊಡ್ಡ ಕೃತಿನಾ? ತಾಯಿ ಸತ್ತ್ರ ಯಾರಿಗರ ಅಳು ಬರ್ತದ. ಹಿಂದ ಪಿಟೀಲು ಹಾಕಿದ್ರ ಕಲ್ಲಿಗೂ ಬರ್ತದ. ಉಳ್ಳಾಗಡ್ಡಿ ಹೆಚ್ಚಿದ್ರೂ ಬರ್ತದ. ಉಳ್ಳಾಗಡ್ಡಿಗೆ ಯಾರೂ ಪ್ರಶಸ್ತಿ ಕೊಟ್ಟಿಲ್ಲ.

ಕರಿಮಣ್ಣು, ಸಿಂಧನೂರು
ಉಳ್ಳಾಗಡ್ಡಿ ಹೆಚ್ಚಿ ಇಪ್ಪತ್ತು ವರ್ಷ ಆದಮ್ಯಾಲ ಯಾರೂ ರೋಡಿನ್ಯಾಗ ನಿಂತು ಹೆಣದ ಮಾರಿ ನೋಡಂಗಿಲ್ಲ ಬಿಡ್ರಿ.

ಬರಿ ಮಾತು, ರಾಯಚೂರು
ಇದು ಸರಿ ಅದ. ಒಪ್ಪಿದೆ. ಅರ್ಧ ಒಪ್ಪಿದೆ. ನನ್ನ ಲೆಕ್ಕದಾಗ ಉಳಿಯೋದು ಅಳು ಅಲ್ಲ, ಒಂದು ಸಾಮಾನು. 'ಕಸ್ತೂರಿ ನಿವಾಸ'ದ ಡೈಲಾಗು ಒಂದೂ ನೆನಪಿಲ್ಲ ನನಗ. ಪಾರಿವಾಳ ಮರೀಲಿಕ್ಕೆ ಆಗವಲ್ದು. ಎಲ್ಲಾ ಕಳಕೊಂಡ ಮನಷ್ಯಾ, ಮನಿಗೆ ಬಂದಾಕಿಗೆ ಊಟ ಹಾಕಬೇಕು ಅಂತ ಆ ಪಾರಿವಾಳನ್ನ ಕೊಯ್ದು ಅಡಗಿ ಮಾಡಸ್ತಾನ. ಆಕಿ ಬಂದದ್ದಾ ಮಗೂಗ ಆ ಪಾರಿವಾಳ ಕೇಳ್ಲಿಕ್ಕೆ.

ರಾಜಣ್ಣನ ಭಕ್ತ, ಹೊಸಪೇಟೆ
ಕೊಯ್ಯಲ್ಲ!! ಮಾರ್ತಾನೆ. ಊಟದ ಖರ್ಚಿಗೆ ಮಾರ್ತಾನೆ. ರಾಜ್‌ಕುಮಾರ್ ಪಾರಿವಾಳ ಕೊಯ್ಯಿಸ್ತಾರಾ? 1971ರ ಸಿನಿಮಾ, 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಟ್ರು, ಎರಡು ಸಲಾನೂ ಮಾರಿದ್ದಾರೆ.

ಹಳೇ ಮೇಷ್ಟ್ರು, ಬಳ್ಳಾರಿ
ಭಕ್ತರು ಹೇಳಿದ್ದು ಸರಿ. ಆದರೆ ರಾಯಚೂರಿನವರು ಪೂರ್ತಿ ತಪ್ಪಿಲ್ಲ. ಇಟಲಿಯ ಬೊಕಾಚಿಯೋ ಬರೆದ ಹಳೆಯ ಕತೆಯೊಂದಿದೆ. ಅದರಲ್ಲಿ ಬಡವಾದ ಸಿರಿವಂತ ತನ್ನ ಗಿಡುಗವನ್ನೇ ಕೊಂದು ಬಡಿಸುತ್ತಾನೆ, ಆಮೇಲೆ ಆಕೆ ಕೇಳುವುದೂ ಅದೇ ಗಿಡುಗವನ್ನು. ಎರಡೂ ತಲೆಯಲ್ಲಿ ಕಲೆಸಿರಬೇಕು.

ಬರಿ ಮಾತು, ರಾಯಚೂರು
ಇಟಲಿ ಕತಿ ನಾ ಎಲ್ಲಿ ಓದ್ಲಿ ಸರ್. ಸಣ್ಣಾವಿದ್ದಾಗ ನೋಡಿದ್ದು, ನನ್ನ ತಲ್ಯಾಗ ಅದು ಕೊಯ್ದಾ ಕುಂತದ. ನಲವತ್ತು ವರ್ಷ ಆ ಊಟ ನೆನೆಸಿಕೊಂಡು ಹೊಟ್ಟಿ ತೊಳಸೇದ. ಈಗ ಮಾರಿದ್ದು ಅಂದ್ರ ನನಗ ಒಂಥರಾ ಲುಕ್ಸಾನು ಆದಂಗ ಅನಸ್ತದ.

ರಾಜಣ್ಣನ ಭಕ್ತ, ಹೊಸಪೇಟೆ
ಅಪ್ಪು 'ಬೆಟ್ಟದ ಹೂವು' ಯಾರೂ ಹೇಳಲಿಲ್ಲ ನೋಡಿ. ಪುಸ್ತಕ ಅಂತ ವಿಷಯ ಬಂದ್ಮೇಲೆ ಅದನ್ನೇ ಹೇಳಬೇಕು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಆ ಹುಡುಗ ಕಾಸಿಗೆ ಕಾಸು ಕೂಡಿಸ್ತಾನೆ, ಕೊನೆಗೆ ಮನೆಯವರಿಗೆ ಕಂಬಳಿ ತರ್ತಾನೆ. ನಮ್ಮೂರಲ್ಲಿ ಅಪ್ಪು ಪ್ರತಿಮೆ ಮುಂದೆ ಹೋಗುವಾಗೆಲ್ಲ ನನಗೆ ದೊಡ್ಡ ಅಪ್ಪು ಕಾಣಲ್ಲ, ಆ ಕಂಬಳಿ ಹೊತ್ತ ಹುಡುಗನೇ ಕಾಣೋದು.

ಕೌಲ್ ಬಜಾರ್ ಸೆಕೆಂಡ್ ಶೋ
ತೆಲುಗು ಹೇಳಬಹುದಾ ಇಲ್ಲಿ? ನಮ್ಮ ಮನೇಲಿ 'ಶಂಕರಾಭರಣಂ' ಅಂದ್ರೆ ದೇವರು. ಕಚೇರಿಯಲ್ಲೇ ಶಾಸ್ತ್ರಿಗಳ ಉಸಿರು ನಿಲ್ಲುತ್ತೆ, ತುಳಸಿ ಬಂದು ಕಾಲ ಹತ್ರ ಬೀಳ್ತಾಳೆ. ನಮ್ಮಪ್ಪ ಸಂಗೀತ ಗೊತ್ತಿಲ್ಲದ ಮನುಷ್ಯ, ಗ್ಯಾರೇಜಿನೋನು. ಅವತ್ತು ರಾತ್ರಿ ಊಟ ಬೇಡ ಅಂದ್ರಂತೆ.

ರಾಜಣ್ಣನ ಭಕ್ತ, ಹೊಸಪೇಟೆ
ಕನ್ನಡದ ಚರ್ಚೆಯಲ್ಲಿ ತೆಲುಗು ಯಾಕೆ?

ಕೌಲ್ ಬಜಾರ್ ಸೆಕೆಂಡ್ ಶೋ
ಸ್ವಾಮಿ ಇದು ಬಳ್ಳಾರಿ. ಎರಡೂ ಭಾಷೇಲಿ ನಾಟಕ ಆಡಿದ ಬಳ್ಳಾರಿ ರಾಘವರಿಗೂ ಇದೇ ಪ್ರಶ್ನೆ ಕೇಳ್ತಿದ್ರಾ? ನಮಗೆ ಅಳು ಎರಡೂ ಭಾಷೇಲಿ ಬರುತ್ತೆ, ಸಾಲ ಕೇಳೋರು ಎರಡೂ ಭಾಷೇಲಿ ಬರ್ತಾರೆ.

ಹಂಪಿ ಪ್ಯಾಸೆಂಜರ್
ಜಗಳ ಬ್ಯಾಡ್ರಪ್ಪಾ. ಅಕ್ಕಾರ ಪ್ರಶ್ನಿಗೆ ಬರ್ರಿ. ಅಕ್ಕಾರ, ಎರಡು ಹುಡುಗ್ರಿಗೇ ಇಷ್ಟು ಅಂಜಿದ್ರ ಮುಂದ ನಂಜಮ್ಮನೇ ಪ್ಲೇಗಿಗೆ ಹೋಗುವಾಗ ಏನ್ ಮಾಡೋರಿದೀರಿ?

ಗವಿಮಠದ ಓಣಿ, ಕೊಪ್ಪಳ
ನಂಜಮ್ಮನೂ???

ಮಿರ್ಚಿ ಮಂಡಕ್ಕಿ, ಬಳ್ಳಾರಿ
ಲೋ ಪ್ಯಾಸೆಂಜರ್, ಅಕ್ಕ ಮೊದಲ ಸಲ ಓದ್ತಿರೋದು ಅಂತ ಮೇಲೇನೇ ಬರೆದಿದಾರೆ!

ಹಂಪಿ ಪ್ಯಾಸೆಂಜರ್
ತಪ್ಪಾತು ತಪ್ಪಾತು. 1970ರ ಕಾದಂಬರಿ, ಸೀರಿಯಲ್ಲೂ ಆಗೇತಿ, ಎಲ್ಲಾರಿಗೂ ಗೊತ್ತಿರ್ತೈತಿ ಅನ್ಕೊಂಡಿದ್ದೆ. ಅಕ್ಕಾರ ಕ್ಷಮಾ ಮಾಡ್ರಿ. ಅಳಿಸಬೇಕು ಅಂದ್ರ ಅಳಿಸ್ತೀನಿ.

ಗವಿಮಠದ ಓಣಿ, ಕೊಪ್ಪಳ
ಈಗ ಅಳಿಸಿ ಏನ್ ಬಂತು ತಮ್ಮಾ.

ನಾಳಿ ಬರ್ರಿ, ಮಾನ್ವಿ
ನನ್ನದು 'ತಬರನ ಕಥೆ'. ತೇಜಸ್ವಿ ಕತಿ, ಕಾಸರವಳ್ಳಿ ಸಿನಿಮಾ. ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದು. ನಮ್ಮಪ್ಪ ರಿಟೈರ್ ಆದಾಗ ಒಂದು ಕಚೇರಿಯಾಗ ಪಿಂಚಣಿ ಕಾಗದ ಹನ್ನೊಂದು ತಿಂಗಳು ನಿಂತಿತ್ತು. ಕಾರಣ? ಹೆಸರಿನ್ಯಾಗ ಒಂದು ಕಡಿ 'ಸಿದ್ದಪ್ಪ', ಇನ್ನೊಂದು ಕಡಿ 'ಸಿದ್ಧಪ್ಪ'. ಒಂದು ಒತ್ತಕ್ಷರದ ಹೊಟ್ಟಿ ಸೀಳಿದ್ದಕ್ಕ ಹನ್ನೊಂದು ತಿಂಗಳು! ನಮ್ಮಪ್ಪ ಅಫಿಡವಿಟ್ ಮಾಡಿಸಿ ಮಾಡಿಸಿ, ಕಡೀಗೆ ಆ ನೋಟರಿ ಚಹಾ ಕುಡಿಸಿ ಕಳಸ್ತಿದ್ದ.

ಆ ದಿನದಾಗ ನಾ ಮೊಬೈಲಿನ್ಯಾಗ ಆ ಸಿನಿಮಾ ನೋಡ್ಲಿಕತ್ತಿದ್ದೆ. ಅಪ್ಪ ನೀರು ಕುಡೀಲಿಕ್ಕೆ ಬಂದವ್ರು ನನ್ನ ಬೆನ್ನ ಹಿಂದ ನಿಂತ್ರು. ಕೂಡಲಿಲ್ಲ. ತಬರ ಹೆಂಡತಿ ಕಾಲು ಕೊಳತು, ದವಾಖಾನಿಗೆ ರೊಕ್ಕ ಇಲ್ದ, ಕಟುಕನ ಹತ್ರ ಹೋಗಿ ಕಾಲು ಕಡಿ ಅಂತ ಕೇಳ್ತಾನಲ್ಲ, ಅಲ್ಲೀ ತನಕ ನಿಂತ್ರು, ಮುಗಿಯೋ ತನಕ ನಿಂತ್ರು. ಕೈಯಾಗಿನ ತಂಬಿಗಿ ಹಂಗೇ ತುಂಬಿತ್ತು. ಆಮ್ಯಾಲ ಅಂದ್ರು, "ನಮ್ಮದು ಇಷ್ಟು ಆಗಂಗಿಲ್ಲ ಬಿಡು." ಮರುದಿನ ಎಂಟಕ್ಕ ಮತ್ತ ಅದೇ ಕಚೇರಿಗೆ ಹೋದ್ರು. ಹತ್ತೂವರಿಗೆ ತಗೀತದ ಅದು.

ಕರಿಮಣ್ಣು, ಸಿಂಧನೂರು
ನಾನೂ ಸುಳ್ಳು ಹೇಳೀನಿ ಅಕ್ಕಾರ, ಈಗ ಧೈರ್ಯ ಬಂತು ಹೇಳ್ಲಿಕ್ಕೆ.

'ಫೋಟೋ' ಅಂತ 2024ರಾಗ ಒಂದು ಸಿನಿಮಾ ಬಂತು, ನಮ್ಮ ಕಡಿ ಹುಡುಗ ಉತ್ಸವ್ ಗೋನವಾರ ಮಾಡಿದ್ದು. ನಮ್ಮ ಮಾತು ಹೆಂಗದನೋ ಹಂಗಾ ಅದ. ದುರ್ಗ್ಯಾ ಅಂತ ಹುಡುಗಗ ವಿಧಾನಸೌಧದ ಮುಂದ ನಿಂತು ಒಂದು ಫೋಟೋ ತಗಸ್ಕೋಬೇಕು, ಅಷ್ಟಾ. ಅಪ್ಪ ಬೆಂಗಳೂರಾಗ ಕಟ್ಟಡದ ಕೆಲಸ. ಹುಡುಗ ಅಲ್ಲಿಗೆ ಹೋಗ್ತಾನ, ಲಾಕ್‌ಡೌನ್ ಆಗ್ತದ, ಅಪ್ಪ ಮಗ ಊರ ಕಡಿ ನಡೀಲಿಕ್ಕೆ ಶುರು ಮಾಡ್ತಾರ.

2020ರಾಗ ನಾನೂ ಅಲ್ಲೇ ಇದ್ದೆ, ಗಾರೆ ಕೆಲಸ. ನಾವು ಏಳು ಮಂದಿ ತುಮಕೂರು ದಾಟೋ ತನಕ ನಡದು, ಆಮ್ಯಾಲ ಖಾಲಿ ಟೊಮೆಟೊ ಟ್ರೇ ತುಂಬಿದ ಲಾರಿ ಸಿಕ್ತು. ಟ್ರೇ ಮ್ಯಾಲ ಮಕ್ಕೊಂಡು ಬಂದ ಗುರುತು ಬೆನ್ನ ಮ್ಯಾಲ ನಾಕು ದಿನ ಚೌಕ ಚೌಕ ಇತ್ತು. ಹೆಂಡತಿಗೆ ಅದನ್ನೂ ತೋರಿಸಿರಲಿಲ್ಲ. ಸಿನಿಮಾ ನೋಡುವಾಗ ಮಗಳು ಬಾಜೂಕ ಕುಂತಿದ್ಲು. "ಅಪ್ಪಾ, ನೀನೂ ಹಿಂಗ ನಡದಿದ್ದೇನು?" ಅಂದ್ಲು. "ಇಲ್ಲ, ನಮಗ ಬಸ್ ಬಿಟ್ಟಿದ್ರು" ಅಂದೆ. ಅರ್ಧಕ್ಕ ಎದ್ದು ಹೊಲದ ಕಡಿ ಹೋದೆ. ಕಡೀಕ ಏನಾಗ್ತದ ಅಂತ ಇನ್ನೂ ನೋಡಿಲ್ಲ. ಯಾರೂ ಹೇಳಬ್ಯಾಡ್ರಿ. ಪ್ಯಾಸೆಂಜರ್, ನಿನಗಾ ಹೇಳಿದ್ದು.

ಹಂಪಿ ಪ್ಯಾಸೆಂಜರ್
ಇಲ್ಲಣ್ಣಾ. ಬಾಯಿಗೆ ಬೀಗ.

ಹೊಲದ ಬದು, ದೇವದುರ್ಗ
ರಾಯಚೂರಿಂದಾ ಇನ್ನೊಂದು ಹೇಳ್ತೀನಿ. 'ಕನಸೆಂಬ ಕುದುರೆಯನೇರಿ'. ಅಮರೇಶ ನುಗಡೋಣಿಯವರ 'ಸವಾರಿ' ಕತಿ, ಕಾಸರವಳ್ಳಿ ಮಾಡ್ಯಾರ. ಕುಣಿ ತೋಡೋ ಈರ್ಯಾಗ ಕನಸಿನ್ಯಾಗ ಸಿದ್ಧ ಬಂದ್ರ ಊರಾಗ ಯಾರೋ ಸತ್ತಾರ ಅಂತ ಅರ್ಥ. ಗೌಡ ಸತ್ತಾನ, ಕನಸು ಬಿದ್ದದ, ಆದ್ರ ಗೌಡನ ಮನಿಯವ್ರು ಸತ್ತಿಲ್ಲ ಅಂತಾರ, ಆಸ್ತಿ ವ್ಯವಹಾರ ಮುಗೀಬೇಕಲ್ಲ. ಈರ್ಯಾ ನಂಬಿದ ಕನಸಾ ಸುಳ್ಳು ಆಗ್ತದ. ಬಿರಾದಾರ್ ಅಂದ್ರ ನಗಸೋ ನಟ ಅಂತ ಮಾಡಿದ್ದೆ ನಾನು. ಆ ಮಾರಿ ನೋಡಿ ಥಂಡಾ ಆದೆ. ಅಳು ಬರಲಿಲ್ಲ ನೋಡ್ರಿ, ಬರಿ ಮಾತು ಅವ್ರೇ. ಸಿಟ್ಟು ಬಂತು.

ಬರಿ ಮಾತು, ರಾಯಚೂರು
ಈ ಸಿಟ್ಟು ಬಂತಲ್ಲ, ಅದಾ ನಾ ಹೇಳೋದು. 'ಚೋಮನ ದುಡಿ'ಯಾಗ ಹುಡುಗ ನೀರಾಗ ಮುಳುಗ್ತಾನ, ದಂಡಿ ಮ್ಯಾಲ ಮಂದಿ ನಿಂತಿರ್ತಾರ, ಮುಟ್ಟಬಾರದ ಜಾತಿ ಅಂತ ಯಾರೂ ಎತ್ತಂಗಿಲ್ಲ. ನೀರು ಅಲ್ಲಿ ಅಷ್ಟು ಆಳಾನೂ ಇರಂಗಿಲ್ಲ ಅಂತ ನನಗ ಅನಸ್ತದ. ಆ ಹುಡುಗನ ಮಾರಿ ನೆನಪಿಲ್ಲ. ದಂಡಿ ಮ್ಯಾಲ ನಿಂತವ್ರ ಕಾಲು ನೆನಪದ.

ಪೆಟ್ಟಿಗಿ ಬಾಜಾ, ಬಳ್ಳಾರಿ
ಎಲ್ಲಾ ಸಿನಿಮಾ ಪುಸ್ತಕ ಆಯ್ತು, ನಾಟಕ? ನಮ್ಮಜ್ಜಿ ಸುಭದ್ರಮ್ಮ ಮನ್ಸೂರರ ದ್ರೌಪದಿ ನೋಡಿದಾಕಿ, ಕಂದಗಲ್ಲರ 'ರಕ್ತರಾತ್ರಿ'ಯಲ್ಲಿ. ಬೆಳತನಕ ನಾಟಕ. ಮುಗಿದ ಮೇಲೆ ಬಂಡಿ ಕಟ್ಟಿ ಊರಿಗೆ ಬರುವಾಗ ಹೆಂಗಸರು ಯಾರೂ ಮಾತಾಡಲಿಲ್ಲವಂತೆ, ಗಂಡಸರು ಮಾತಾಡಿದರೆ ಉತ್ತರ ಕೊಡಲಿಲ್ಲವಂತೆ. ನಮ್ಮಜ್ಜ ಎರಡು ದಿನ ತಾನೇ ನೀರು ತಗೊಂಡು ಕುಡಿದನಂತೆ!

ಮಿರ್ಚಿ ಮಂಡಕ್ಕಿ, ಬಳ್ಳಾರಿ
ಅಜ್ಜನ ಸ್ಥಿತಿಗೇ ಒಂದು ನಾಟಕ ಬರೀಬಹುದು.

ಗವಿಮಠದ ಓಣಿ, ಕೊಪ್ಪಳ
ಎಲ್ಲಾರೂ "ಹೇಳಿಬಿಡು" ಅನ್ನಾಕತ್ತೀರಿ. ಯಾಕ ಹೇಳಲಿಲ್ಲ ಅಂತ ಬರೀತೀನಿ, ಬರೀಬಾರದು ಅನ್ಕೊಂಡಿದ್ದೆ.

ನನಗಿಂತ ಮೊದಲು ಒಬ್ಬ ಅಣ್ಣ ಇದ್ದ. ನಾಕು ವರ್ಷದಾವ. ವಾಂತಿಭೇದಿ. ಮಳಿಗಾಲ, ಹಳ್ಳ ತುಂಬಿತ್ತು, ಬಂಡಿ ದಾಟಲಿಲ್ಲ. ನಾ ಅವನ ಮಾರಿ ನೋಡಿಲ್ಲ, ಮನ್ಯಾಗ ಫೋಟೋನೂ ಇಲ್ಲ. ಹೋದ ವರ್ಷ ಸಮೀಕ್ಷೆಯವರು ಬಂದು "ಅಜ್ಜಿ, ಮಕ್ಕಳೆಷ್ಟು?" ಅಂದ್ರು. ಅವ್ವ "ಮೂರು" ಅಂದ್ಲು. ನಾನು, ನನ್ನ ತಮ್ಮ, ಇಬ್ರ ಇರೋದು. ನಾ ಒಳಗಿಂದ ಬಂದು "ಎರಡು ಬರಕೋರಿ ಸರ್" ಅಂದೆ. ಅವ್ವ ನನ್ನ ಮಾರಿ ನೋಡಿದ್ಲು, ಏನೂ ಅನ್ನಲಿಲ್ಲ. ಪ್ಲೇಗಿನ ಪುಟ ಬಂದಾಗ ನನಗ ಆ ನೋಟ ನೆನಪಾತು.

ಹಳೇ ಮೇಷ್ಟ್ರು, ಬಳ್ಳಾರಿ
ತಾಯಿ, ನಾನು ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮಗೆ ತೋಚಿದಂತೆ ಮಾಡಿ.

ಒನ್ ಸೈಡ್ ಇಯರ್‌ಫೋನ್, ಬಳ್ಳಾರಿ
🙏

ಕೌಲ್ ಬಜಾರ್ ಸೆಕೆಂಡ್ ಶೋ
ಅಕ್ಕಾ, ಆ ಸಮೀಕ್ಷೆಯಲ್ಲಿ ಎರಡು ಅಂತಲೇ ಬರಕೊಂಡ್ರಾ?

ಗವಿಮಠದ ಓಣಿ, ಕೊಪ್ಪಳ
ಹೌದ್ರಿ.

ಗವಿಮಠದ ಓಣಿ, ಕೊಪ್ಪಳ (ಮೂರು ದಿನದ ಮ್ಯಾಲ)
ಹೇಳಿದೆ. ನಿನ್ನೆ ರಾತ್ರಿ.

ನಾ ಅನ್ಕೊಂಡಂಗ ಆಗಲಿಲ್ಲ. ಅಳಲಿಲ್ಲ, ಬೈದ್ಲು. ಯಾಕಂದ್ರ ಸೋಮವಾರ ಆಕಿ ಮಠಕ್ಕ ಹೋಗಿ, ಆ ಹುಡುಗರು ಉಳಕೊಂಡ್ವು ಅಂತ ಗವಿಸಿದ್ದಪ್ಪಗ ಕಾಯಿ ಒಡಿಸಿ ಬಂದಾಳ! ನನಗ ಹೇಳಿರಲಿಲ್ಲ. ತಮ್ಮನ ಕಡಿಂದ ರೊಕ್ಕ ಇಸ್ಕೊಂಡು ಹೋಗ್ಯಾಳ. "ದೇವರ ಮುಂದ ನನ್ನ ಮಾರಿ ಏನ್ ಉಳೀತು? ಒಡದ ಕಾಯಿ ಹೆಂಗ ವಾಪಸ್ ಕೂಡಸ್ಲಿ?" ಅಂತ ಒಂದ ಸವನ ಬೈದ್ಲು. ನಾ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಆಮ್ಯಾಲ "ಅದನ್ನ ಓದು" ಅಂದ್ಲು. ಇದ್ದದ್ದು ಇದ್ದಂಗ ಓದಿದೆ. ಮುದ್ದಿ ಬಂದಲ್ಲಿ ಮುದ್ದಿ ಅಂತಾನ ಓದಿದೆ. ಒಂದ ಮಾತು ಆಡಲಿಲ್ಲ. ಪುಸ್ತಕ ಮುಚ್ಚಿ ದೀಪ ಆರಿಸಿ ಭಾಳೊತ್ತು ಆದಮ್ಯಾಲ ಕತ್ತಲ್ಯಾಗ ಕೇಳಿದ್ಲು: "ಆ ನಂಜಮ್ಮನ ತಿಂಡಿಪೋತ ಗಂಡ ಐದಾನಲ್ಲ, ಅವಗ್ಯಾಕ ಬರಲಿಲ್ಲ ಪ್ಲೇಗು?"

ಇದಕ್ಕ ಏನ್ ಹೇಳ್ಲಿ ನೀವಾ ಹೇಳ್ರಿ ಮೇಷ್ಟ್ರ.

ಹಳೇ ಮೇಷ್ಟ್ರು, ಬಳ್ಳಾರಿ
ಮೂವತ್ತು ವರ್ಷ ಪಾಠ ಮಾಡಿದೆ. ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರ ನನ್ನಲ್ಲಿಲ್ಲ.

ನಾಳಿ ಬರ್ರಿ, ಮಾನ್ವಿ
ಅವ್ವಾರ ಕಾಲಿಗೆ ನಮ್ಮ ಕಡಿಂದ ಒಂದು ನಮಸ್ಕಾರ ಹೇಳ್ರಿ.

ಹಂಪಿ ಪ್ಯಾಸೆಂಜರ್
ಕಾಯಿ ಹೋಳು ಮನಿಗೆ ತಂದಿದ್ರೇನು? ಈಗಿನ ರೇಟಿಗೆ ಅದೂ ಒಂದು ದುರಂತ ಕಥಿನಾ.

ಗವಿಮಠದ ಓಣಿ, ಕೊಪ್ಪಳ
ತಂದಿದ್ಲು. ಸೋಮವಾರ ಬದ್ನಿಕಾಯಿ ಪಲ್ಯಾಕ್ಕ ಕಾಯಿ ಯಾಕ ಇಷ್ಟು ಬಿದ್ದೈತಿ ಅಂತ ನಾನ ಕೇಳಿದ್ದೆ, ನಕ್ಕಿದ್ಲು.

ಕರಿಮಣ್ಣು, ಸಿಂಧನೂರು
ನಂಜಮ್ಮಂದು ಹೇಳೀರೋ ಇಲ್ಲೋ?

ಗವಿಮಠದ ಓಣಿ, ಕೊಪ್ಪಳ
ಇಲ್ಲ. ಇನ್ನೂ ಭಾಳ ಪುಟ ಅದಾವ. ಇವತ್ತು ಹತ್ತು ಓದೂದು ಅಂತ ಮಾತಾಗೇತಿ, ಕರೆಂಟ್ ಇದ್ರ.